ಚಿಕ್ಕಮ್ಮ ಓದಿದ ರಿಪೋರ್ಟು

ಬೈಂಡಿಂಗ್ ಅಂಗಡಿಯಲ್ಲಿ ಪುಸ್ತಕ ಹೊಲಿಯುವ ಹುಡುಗಿಗೆ ಮುಟ್ಟಾಗುತ್ತಿದ್ದುದು ಮೂರು ನಾಲ್ಕು ತಿಂಗಳಿಗೊಮ್ಮೆ. ಸಾಲದ್ದಕ್ಕೆ ಗದ್ದದ ಮೇಲೆ ಗಡುಸು ಕೂದಲು. ಅಂಡಾಶಯದ ತೊಂದರೆಯಾದ ಪಿಸಿಒಎಸ್ ಇರಬಹುದೆಂದು ಡಾಕ್ಟರಮ್ಮ ರಕ್ತ ಪರೀಕ್ಷೆ ಬರೆದುಕೊಟ್ಟಿದ್ದರು. ಮೊಬೈಲಿಗೆ ಬಂದ ರಿಪೋರ್ಟಿನಲ್ಲಿ ಎರಡು ಸಾಲು ಕೆಂಪಗಿದ್ದವು: ಟೆಸ್ಟೋಸ್ಟಿರಾನ್, ಮತ್ತೆ ಎದೆಹಾಲಿನ ಹಾರ್ಮೋನ್ ಪ್ರೊಲ್ಯಾಕ್ಟಿನ್. ಎರಡನೆಯದನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ತಲೆಯೊಳಗೆ ಗೆಡ್ಡೆ ಎಂದು ಬಂತು. ಊಟ ಬಿಟ್ಟು ಚಿಕ್ಕಮ್ಮನ ಲ್ಯಾಬಿಗೆ ಓಡಿದಳು.

ಇಪ್ಪತ್ತೆರಡು ವರ್ಷದಿಂದ ಊರವರ ರಕ್ತ ತೆಗೆಯುತ್ತಿದ್ದ ಚಿಕ್ಕಮ್ಮನಿಗೆ ಮನೆಯಲ್ಲಿ ‘ಸೊಳ್ಳೆ’ ಎಂದೇ ಹೆಸರು. ಚುಚ್ಚಿದ್ದು ಗೊತ್ತೇ ಆಗದ ಕೈ ಅವಳದು.

“ಗಂಡಸರ ಹಾರ್ಮೋನ್ ಜಾಸ್ತಿಯಂತೆ ಚಿಕ್ಕಮ್ಮ. ಇನ್ನು ಮೀಸೆ ತಿರುವೋದೊಂದು ಬಾಕಿ.” ನಗಲು ಹೋಗಿ ಹುಡುಗಿಗೆ ಅಳುವೇ ಬಂತು.

“ಅದು ಹೆಂಗಸರಿಗೂ ಇರುತ್ತೆ ಕಣೇ. ನಿಂಗೆ ಚೂರು ಜಾಸ್ತಿ. ಮುಟ್ಟಿಗೂ ಗದ್ದಕ್ಕೂ ತಾಳೆಯಾಗುತ್ತೆ.” ಚಿಕ್ಕಮ್ಮ ಕನ್ನಡಕ ಏರಿಸಿದಳು. “ಪ್ರೊಲ್ಯಾಕ್ಟಿನ್ ಯಾಕೆ ಏರಿದೆ? ಏನಾದ್ರೂ ಮಾತ್ರೆ ನುಂಗ್ತಿದ್ದೀಯಾ?”

“ಇಲ್ಲಪ್ಪ.”

“ಚೀಲ ಸುರಿ.”

ದಾರದುಂಡೆ, ಬಾಚಣಿಗೆ, ಅರ್ಧ ಖಾಲಿಯಾದ ಮಾತ್ರೆಪಟ್ಟಿ.

“ಅದೂ ಮಾತ್ರೇನಾ? ವಾಕರಿಕೆಗೆ ಔಷಧಿ ಅಂಗಡಿಯವರು ಕೊಟ್ಟಿದ್ದು. ತಿಂಗಳಿಂದ ತಗೋತಿದ್ದೀನಿ.”

ಚಿಕ್ಕಮ್ಮ ಪಟ್ಟಿಯ ಹಿಂದಿನ ಸಣ್ಣಕ್ಷರ ಓದಿ ಉಸಿರು ಬಿಟ್ಟಳು. “ಇದು ಪ್ರೊಲ್ಯಾಕ್ಟಿನ್ ಏರಿಸೋ ಜಾತಿದು. ಆದ್ರೆ ತೀರ್ಪು ಕೊಡೋಳು ನಾನಲ್ಲ.” ಅಲ್ಲಿಂದಲೇ ಡಾಕ್ಟರಮ್ಮನಿಗೆ ಫೋನ್ ಮಾಡಿದಳು.

ಡಾಕ್ಟರಮ್ಮ ಆ ಮಾತ್ರೆ ನಿಲ್ಲಿಸಿ, ಎರಡು ವಾರ ಬಿಟ್ಟು ಮತ್ತೆ ರಕ್ತ ಕೊಡಲು ಹೇಳಿದರು. ಚಿಕ್ಕಮ್ಮನೇ ತೆಗೆದಳು. ಪ್ರೊಲ್ಯಾಕ್ಟಿನ್ ಇಳಿದು ತನ್ನ ಮಟ್ಟಕ್ಕೆ ಬಂದಿತ್ತು, ಟೆಸ್ಟೋಸ್ಟಿರಾನ್ ಇಳಿದಿರಲಿಲ್ಲ.

“ಪಿಸಿಒಎಸ್ಸೇ. ಥೈರಾಯ್ಡ್ ಸರಿಯಿದೆ, ಬೇರೆ ಕಾರಣಾನೂ ಕಾಣ್ತಿಲ್ಲ. ಮುಟ್ಟು ತಪ್ಪೋದು, ಟೆಸ್ಟೋಸ್ಟಿರಾನ್ ಏರಿರೋದು, ಎರಡೂ ಇರೋದ್ರಿಂದ ಇದನ್ನ ಗುರುತಿಸೋಕೆ ಸ್ಕ್ಯಾನ್ ಬೇಕಿಲ್ಲ” ಎಂದರು ಡಾಕ್ಟರಮ್ಮ. “ಹತೋಟಿಲಿ ಇಟ್ಕೋಬಹುದು, ಹೆದರಬೇಡಿ. ಅಂದಹಾಗೆ, ಮಾತ್ರೆ ವಿಷಯ ನಾನೂ ಕೇಳಿದ್ದೆ, ಇಲ್ಲ ಅಂದಿದ್ರಿ. ನಿಮ್ಮ ಚಿಕ್ಕಮ್ಮ ಬಿಡಲಿಲ್ಲ ನೋಡಿ.”

ಕಾಯಿಲೆಯ ಹೆಸರು ಕೇಳಿಯೂ, ತಲೆಯೊಳಗಿನ ಗೆಡ್ಡೆಯಲ್ಲವಲ್ಲ ಎಂದು ಹುಡುಗಿಗೆ ಎದೆ ಹಗುರವಾಯಿತು. ಸುದ್ದಿ ಹೇಳಲು ಲ್ಯಾಬಿಗೆ ಹೋದಾಗ ಚಿಕ್ಕಮ್ಮ ನಡುಗುವ ಅಜ್ಜನೊಬ್ಬನ ತೋಳು ಹಿಡಿದು ಮೊಮ್ಮಕ್ಕಳ ಸುದ್ದಿ ಕೇಳುತ್ತಿದ್ದಳು. ಅಜ್ಜ ಐದನೆಯ ಮೊಮ್ಮಗುವಿಗೆ ಬರುವಷ್ಟರಲ್ಲಿ ರಕ್ತ ತೆಗೆದಾಗಿತ್ತು. ಹುಡುಗಿ ಬಾಗಿಲಲ್ಲೇ ನಿಂತು, ತನ್ನ ಸರದಿ ಬರುವವರೆಗೂ ಕಣ್ತುಂಬ ನೋಡಿದಳು.