ಮರಳ ಮೇಲಿನ ಹನ್ನೊಂದು ಸುತ್ತು

"ಹೆಣಾನ ನಮ್ಮ ಅತಿಥಿಗಳ ಕಣ್ಮುಂದೆ ಮೆರವಣಿಗೆ ಮಾಡ್ಬೇಕಾ ನಿಂಗೆ? ಹುಟ್ಟಿದಾಗಿಂದ ಮೀನಿನ ನಾತದಲ್ಲೇ ಬಿದ್ದಿರೋ ಜಾತಿ ನಿಮ್ದು. ದೋಣಿಗೆ ಹಾಕ್ಕೊಂಡು ದ್ವೀಪದ ಬೆನ್ನಿಗೆ ಒಯ್ದು ಎಲ್ಲಾದ್ರೂ ಹೂತು ಸಾಯಿ."

ರೆಸಾರ್ಟಿನ ಮೇನೇಜರ್ ಪ್ರಮೋತ್ ಬೇಲಿಯ ಬಾಗಿಲಿಗೆ ಅಡ್ಡ ನಿಂತು ಇಷ್ಟನ್ನೂ ದನಿ ಏರಿಸದೆ ಹೇಳಿದ. ಅಲ್ಲಿ ಯಾರೂ ದನಿ ಏರಿಸುವಂತಿರಲಿಲ್ಲ. ಥಾಯ್ಲೆಂಡಿನ ದೊಡ್ಡ ದ್ವೀಪಗಳ ಗದ್ದಲಕ್ಕೆ ರೋಸಿದವರು ಈ ಪುಟ್ಟ ದ್ವೀಪಕ್ಕೆ ಬಂದು, ಅಲೆಯ ಸದ್ದೊಂದನ್ನೇ ಕೇಳುತ್ತ ಮಲಗುತ್ತಿದ್ದರು. ಅದಕ್ಕೆಂದು ದ್ವೀಪದ ಮೂಲನಿವಾಸಿಗಳಾದ ಕಡಲ ಜನ ತಮ್ಮ ದೋಣಿಯ ಇಂಜಿನ್ನನ್ನು ಕೊಲ್ಲಿಯ ಬಾಯಲ್ಲೇ ಆರಿಸಿ ಹುಟ್ಟು ಹಾಕಿಕೊಂಡು ಬರಬೇಕು. ಕೇರಿಯ ನಾಯಿಗಳನ್ನಂತೂ ಮೊದಲ ವರ್ಷವೇ ಗೋಣಿಯಲ್ಲಿ ತುಂಬಿ ಸಾಗಿಸಿದ್ದರು.

ಅವನ ಎದುರು ನಿಂತವಳು ರೆಸಾರ್ಟಿನ ಕೂಲಿಯಾಳು, ಮುದುಕಿ ಸಾಲಿಯಾ. ಅವಳ ಹಿಂದೆ ನಾಲ್ವರು ಗಂಡಸರ ಹೆಗಲ ಮೇಲೆ ಅವಳ ತಮ್ಮ ದುಮಿಯ ಪೆಟ್ಟಿಗೆ ಇತ್ತು. ಬೆಳಿಗ್ಗೆ ಅವಳು ಇದೇ ದಂಡೆಯಲ್ಲಿ ಉದ್ದ ಹಿಡಿಯ, ಹಲ್ಲುಹಲ್ಲಿನ ಹಲುಬೆ ಎಳೆದು ಮರಳು ಹಸನು ಮಾಡುತ್ತಿದ್ದಾಗ, ದುಮಿಯ ಉಸಿರು ನಿಂತಿತೆಂದು ಅವನ ಸೊಸೆ ಓಡಿ ಬಂದಿದ್ದಳು. ಆಳದಲ್ಲಿ ಮೀನಿನ ಬೋನು ಇಡಲು ಮುಳುಗಿ ಮುಳುಗಿ, ನೀರಿನ ಒತ್ತಡಕ್ಕೆ ಕಾಲು ಸತ್ತು, ಒಂಬತ್ತು ವರ್ಷ ಚಾಪೆ ಹಿಡಿದಿದ್ದ ಜೀವ. ಅವನು ಕೇಳಿದ್ದು ಒಂದೇ.

"ಅವ್ವನ ಕಾಲ್ತಾವ ಹಾಕಕ್ಕ. ಅಲೆ ಕೇಳ್ಕಂಡ್ ಬಿದ್ದಿರ್ತೀನಿ."

ಕಡಲ ಜನ ಸತ್ತವರನ್ನು ಅಲೆ ಕೇಳುವಲ್ಲೇ ಮಲಗಿಸುತ್ತಾರೆ. ಸಾಲಿಯಾಳ ಅಜ್ಜಿಯ ಅಜ್ಜಿಗೂ ಹಿಂದಿನಿಂದ ಆ ಜಾಗ ಇದೇ ದಂಡೆ. ದ್ವೀಪದ ಬೆನ್ನಿಗೆ ಇರುವುದು ಬರೀ ಬಂಡೆ.

ಆರು ವರ್ಷದ ಹಿಂದೆ ಸರ್ಕಾರದ ಕಾಗದದಲ್ಲಿ ಈ ದಂಡೆ 'ಯಾರೂ ಬಳಸದ ಬರಿ ಮರಳು' ಆಯಿತು, ರೆಸಾರ್ಟಿನ ಪಾಲಾಯಿತು. ಕೆಲಸಕ್ಕೆ ಸೇರಿದ ದಿನ ಸಾಲಿಯಾಳಿಗೆ ಸಿಕ್ಕ ಮೊದಲ ಅಪ್ಪಣೆ, ಗೋರಿಗಳ ಮೇಲಿನ ಚಿಪ್ಪು, ಹವಳಗಲ್ಲು ಆಯ್ದು ಬುಟ್ಟಿಗೆ ತುಂಬುವುದು. ತುಂಬಿದಳು. ಅವ್ವನ ಗೋರಿಯದನ್ನೂ ಅವಳೇ ಆಯ್ದಳು. ಆ ಚಿಪ್ಪುಗಳು ಈಗ ಊಟದ ಮನೆಯ ಗಾಜಿನ ಬೋಗುಣಿಗಳಲ್ಲಿವೆ.

ಚಿಪ್ಪು ಆಯ್ದ ಮಾರನೆಯ ಬೆಳಿಗ್ಗೆ ಹಲುಬೆ ಎಳೆಯುವಾಗ ಅವ್ವ ಮಲಗಿದಲ್ಲಿ ಅವಳ ಕೈ ನೆಟ್ಟಗೆ ಹೋಗಲಿಲ್ಲ, ಸುತ್ತು ಬಂತು. ಹಲುಬೆಯ ಹಲ್ಲುಗಳು ನೀರಿಗೆ ಕಲ್ಲು ಬಿದ್ದಂತೆ ಉಂಗುರ ಬಿಡಿಸಿದವು. ಹಾಗೆ ತನ್ನವರು ಮಲಗಿದ ಹನ್ನೊಂದು ಕಡೆ. ಅತಿಥಿಗಳು ಮಹಡಿಯಿಂದ ಫೋಟೊ ಹೊಡೆದರು. ಪ್ರಮೋತ್ ಹಿಗ್ಗಿಹೋದ. ಮುದುಕಿಯ ಕೈಯಲ್ಲಿ ಕಲೆ ಇದೆ, ದಿನಾ ಬಿಡಿಸಲಿ, ಆ ಸುತ್ತುಗಳ ಮೇಲೆ ಯಾರೂ ಕುರ್ಚಿ ಹಾಕಬೇಡಿ ಎಂದ. ದೋಣಿಕಟ್ಟೆಯ ಜಾಹೀರಾತು ಹಲಗೆಯ ಮೇಲೂ ಅವುಗಳದೇ ಚಿತ್ರ ಬಂತು.

ಈಗ ಪ್ರಮೋತ್ ಕರೆಸಿದ್ದಕ್ಕೆ ಸ್ಕೂಟರಿನಲ್ಲಿ ಬಂದ ಜಿಲ್ಲಾ ಕಚೇರಿಯ ಅಧಿಕಾರಿ ಪೆಟ್ಟಿಗೆಯನ್ನು ಕಂಡು ಮೂಗಿಗೆ ಕರವಸ್ತ್ರ ಹಿಡಿದ. ಇಲ್ಲಿ ಸ್ಮಶಾನ ಇತ್ತೆಂಬುದಕ್ಕೆ ಕಾಗದ ಉಂಟೋ ಎಂದು ಕೇಳಿದ. ಇಲ್ಲ ಎಂದರು.

"ಹೋಗ್ಲಿ, ಒಂದು ಗುರುತಾದ್ರೂ ತೋರ್ಸೇ. ಎಲ್ಲಿದೆ ನಿಮ್ಮಪ್ಪನ ಸ್ಮಶಾನ?"

"ಆರು ವರ್ಸದಿಂದ ದಿನಾ ತೋರಿಸ್ತಾನೇ ಇದೀನಲ್ಲ ದಣಿ," ಅಂದಳು ಸಾಲಿಯಾ.

ಬೇಲಿಗೆ ಒರಗಿಸಿದ್ದ ಹಲುಬೆಯನ್ನು ಎತ್ತಿಕೊಂಡಳು. ಪ್ರಮೋತ್‌ನ ಪಕ್ಕದಲ್ಲೇ ನುಗ್ಗಿ ಒಳಗೆ ನಡೆದಳು. ದಿನಾ ಹಲುಬೆ ಹಿಡಿದು ಹೋಗುವವಳು, ತಡೆಯಬೇಕೆಂದು ಅವನಿಗೆ ತಕ್ಷಣ ಹೊಳೆಯಲಿಲ್ಲ. ಮೊದಲ ಸುತ್ತಿನ ಮುಂದೆ ನಿಂತು ಹಲುಬೆಯ ಹಿಡಿಯಿಂದ ತೋರಿಸಿದಳು.

"ಇದು ನಮ್ಮವ್ವ ಮಿನಾ. ಇದು ನನ್ ಗಂಡ. ಇದು ಚಿಕ್ಕಪ್ಪ, ಚಂಡಮಾರುತದಲ್ಲಿ ಹೋದೋನು. ಈ ಸಣ್ದು ನನ್ ಕೂಸು, ಹೆಸರಿಡಕ್ಕೆ ಮುಂಚೇನೇ ಹೋಯ್ತು."

ಸಣ್ಣ ಸುತ್ತಿನ ಅಂಚಿಗೆ ಪಾದ ಚಾಚಿ ಕಾಫಿ ಕುಡಿಯುತ್ತಿದ್ದ ಬಿಳಿ ಹೆಂಗಸಿಗೆ ಮಾತು ತಿಳಿಯಲಿಲ್ಲ. ಮುದುಕಿಯ ಮುಖ ನೋಡಿದಳು, ಬಾಗಿಲಲ್ಲಿದ್ದ ಪೆಟ್ಟಿಗೆ ನೋಡಿದಳು, ಸಾಲಾಗಿದ್ದ ಸುತ್ತುಗಳನ್ನು ನೋಡಿದಳು. ಮೆಲ್ಲಗೆ ಪಾದ ಎಳೆದುಕೊಂಡಳು.

"ಅಳಿಸ್ರೋ ಅವನ್ನ," ಪ್ರಮೋತ್ ತೋಟದ ಆಳುಗಳಿಗೆ ಕೂಗಿದ. ಆರು ವರ್ಷದಲ್ಲಿ ಆ ದಂಡೆಯಲ್ಲಿ ಕೇಳಿದ ಮೊದಲ ಕೂಗು ಅದು. ಆಳುಗಳು ಪೊರಕೆ ಹಿಡಿದು ಎರಡು ಹೆಜ್ಜೆ ಬಂದರು. ಪೆಟ್ಟಿಗೆ ಹೊತ್ತವರೂ ಒಳಗೆ ಬಂದರು. ಆಳುಗಳು ನಿಂತುಬಿಟ್ಟರು.

"ನಾಳೆಯಿಂದ ಕೆಲ್ಸಕ್ಕೆ ಬರ್ಬೇಡ ನೀನು, ಬೇವರ್ಸಿ ಮುಂಡೆ."

"ಆಯ್ತು ಬುಡಪ್ಪ. ಇವತ್ತಿನ ಕೆಲ್ಸ ಮುಗಿಸ್ತೀನಿ."

ಸಾಲಿಯಾ ಅವ್ವನ ಸುತ್ತಿನ ಕಾಲ ಕಡೆಗೆ ಮಂಡಿಯೂರಿದಳು. ಹಲುಬೆಯ ಹಲ್ಲನ್ನು ನೆಲಕ್ಕೆ ನಾಟಿ ಮರಳನ್ನು ತನ್ನತ್ತ ಎಳೆದಳು. ಹಸನಾಗಿದ್ದ ಮರಳು ಬಾಯಿಬಿಟ್ಟಿತು. ಪೆಟ್ಟಿಗೆಯ ಹಿಂದೆ ಬಂದಿದ್ದ ಅವಳ ಅಣ್ಣನ ಮಗ ಬಾಕೋ ಬಗಲಿನಿಂದ ತಮಟೆ ತೆಗೆದು ಬಡಿದ. ಮಹಡಿಗಳ ಮೇಲೆ ಒಂದೊಂದೇ ಬಾಗಿಲು ತೆರೆದುಕೊಂಡಿತು.

ಅಧಿಕಾರಿ ಫೋನು ಕಿವಿಗಿಟ್ಟು ಬೆನ್ನು ತಿರುಗಿಸಿ ಮಾತಾಡಿದ. ಗುಂಡಿ ಮೊಣಕಾಲಾಳ ಆಗುವ ಹೊತ್ತಿಗೆ ಪೊಲೀಸರ ದೋಣಿ ಕೊಲ್ಲಿಯ ಬಾಯಿ ದಾಟಿ ಒಳಗೆ ಬಂತು. ಅದರ ಇಂಜಿನ್ ಭೋರ್ಗರೆಯುತ್ತಿತ್ತು. ಆರಿಸು ಎಂದು ಯಾರೂ ಹೇಳಲಿಲ್ಲ.

ಸಾಲಿಯಾ ತಲೆಯೆತ್ತಿ ಒಮ್ಮೆ ನೋಡಿದಳು. ಹಲುಬೆ ಬದಿಗಿಟ್ಟು ಎರಡೂ ಕೈಯಿಂದ ತೋಡತೊಡಗಿದಳು.