ಚಿಕ್ಕಣ್ಣನ ಬಾಗಿಲಿಗೆ ಬಂದ ಶನಿ

ಸೂರ್ಯನಿಂದ ಭೂಮಿ ಹತ್ತು ಮಾರು ದೂರ ಅಂತ ಇಟ್ಟುಕೊಂಡರೆ ಶನಿ ಎಲ್ಲಿ ಬಂದು ನಿಲ್ಲುತ್ತಾನೆ? ತೊಂಬತ್ತೈದು ಮಾರಿಗೆ. ಹಾರನಹಳ್ಳಿ ಪಕ್ಕದ ಆ ಊರಿನಲ್ಲಿ ಶಾಲೆಯ ಗೇಟೇ ಸೂರ್ಯ ಅಂತ ಹಿಡಿದು ಅಲ್ಲಿಂದ ಅಷ್ಟು ಹಗ್ಗ ಎಳೆದರೆ ಅದು ನೇರ ಚಿಕ್ಕಣ್ಣನ ಬಾಗಿಲಿಗೇ ಹೋಗಿ ಮುಟ್ಟುತ್ತದೆ. ಎಳೆದವಳು ಚಿಕ್ಕಣ್ಣನ ಮಗಳೇ, ಒಂಬತ್ತನೇ ಕ್ಲಾಸಿನ ರೂಪಶ್ರೀ. ಅದಕ್ಕೆ ಅವಳೇನು ಮಾಡಬೇಕು? ಆಕಾಶವನ್ನು ಅವಳು ಅಳತೆ ಕೊಟ್ಟು ಕಟ್ಟಿಸಿದ್ದಳೇ?

ವಿಜ್ಞಾನ ಸ್ಪರ್ಧೆಗೆ ಅಂತ ಥರ್ಮಾಕೋಲ್ ಮೇಲೆ ಗ್ರಹಗಳನ್ನು ಗೇಣುದ್ದಕ್ಕೆ ಒಂದರಂತೆ ಅಂಟಿಸುವುದು ಶುದ್ಧ ಸುಳ್ಳು, ಊರ ಬೀದಿಯಲ್ಲೇ ಅಳೆದು ತೋರಿಸು ಎಂದಿದ್ದರು ವಿಜ್ಞಾನದ ಮೇಷ್ಟ್ರು ರೇಣುಕಾಪ್ರಸಾದ್. ಅವಳು ದೊಡ್ಡ ಗುಂಡುಕಲ್ಲುಗಳಿಗೆ ಬಣ್ಣ ಬಳಿದು, ಹೆಸರು ಬರೆದು ಇಡಿಸಿದಳು. ಬುಧ, ಶುಕ್ರ, ಭೂಮಿ, ಮಂಗಳ ಶಾಲೆಯ ಕಾಂಪೌಂಡಿನ ಉದ್ದಕ್ಕೇ ಮುಗಿದುಹೋದರು. ಗುರು ಐವತ್ತೆರಡು ಮಾರಿಗೆ, ಒಂಟಿ ಮುದುಕಿ ಚಿಕ್ಕಸಿದ್ದಮ್ಮನ ಗುಡಿಸಲ ಮುಂದೆ ಬಂದ. ಆಮೇಲೆ ಶನಿ.

ತೀರ್ಪುಗಾರರು ಬರುವ ದಿನ ಬೆಳಿಗ್ಗೆ ರೂಪಶ್ರೀ ಹೊರಗೆ ಬಂದು ನೋಡಿದರೆ ಮನೆ ಮುಂದೆ ಗುರು ಕೂತಿದ್ದಾನೆ. ಶನಿ ಚಿಕ್ಕಸಿದ್ದಮ್ಮನ ಬಾಗಿಲಲ್ಲಿದ್ದಾನೆ.

"ಅಪ್ಪಾ, ಕಲ್ಲು ಬದಲಾಯಿಸ್ದೋರು ಯಾರು?"

"ನಾನೇ ಕಣವ್ವ," ಎಂದ ಚಿಕ್ಕಣ್ಣ, ನಾಚಿಕೆಯಿಲ್ಲದೆ. "ನಿಮ್ಮಕ್ಕ ಸೌಂದರ್ಯಂಗೆ ಸಂಬಂಧ ಕುದುರೋ ಹೊತ್ತು. ಹೊಗೆಸೊಪ್ಪು ಒಣಗಿಸೋ ಬ್ಯಾರನ್‌ಗೆ ಬೆಂಕಿ ಹಾಕೋ ಹೊತ್ತು. ಶನಿನ ಬಾಗ್ಲಲ್ಲಿ ಕೂರಿಸ್ಕೊತಾರಾ ಯಾರಾದ್ರೂವೆ? ಗುರುಬಲ ಬೇಕು ನಮ್ಗೆ."

"ಚಿಕ್ಕಸಿದ್ದಮ್ಮಜ್ಜಿ ಬಾಗ್ಲಲ್ಲಿ ಕೂರಿಸ್ಬೋದಾ?"

"ಆಯಮ್ಮಂಗೆ ಇನ್ನೇನು ಕೆಡೋದೈತೆ, ಬುಡು."

ಆ ಮಾತಿಗೆ ಅವಳ ಮೈಯೆಲ್ಲ ಉರಿದುಹೋಯಿತು. ಊರ ಪಂಚಾಯ್ತಿಯಲ್ಲಿ ನ್ಯಾಯ ಹೇಳುವ ಮನುಷ್ಯನ ಬಾಯಲ್ಲಿ ಬರುವ ಮಾತೇ ಇದು? ಇದ್ದವರ ಬಾಗಿಲಿಗೆ ಗುರು, ಇಲ್ಲದವರ ಬಾಗಿಲಿಗೆ ಶನಿ ಅಂತ ಯಾವ ಪುಸ್ತಕದಲ್ಲಿ ಬರೆದಿದೆ?

ಗುಡಿಸಲಿಗೆ ಓಡಿದಳು. ಮುದುಕಿ ಶನಿಯ ಕಲ್ಲಿನ ಮುಂದೆ ಎಳ್ಳೆಣ್ಣೆ ದೀಪ ಹಚ್ಚಿಟ್ಟು ಕೂತಿದ್ದಳು.

"ನಿನ್ನೆ ಗುರು ಬಂದ ಅಂತ ಹೂವಾ ಮಡಗಿದ್ದೆ ಕಣವ್ವ," ಎಂದಳು. "ಬೆಳಗೆದ್ದು ನೋಡುದ್ರೆ ಇವ್ನು. ನಮ್ಮನೆಗೆ ಬಂದ ಒಳ್ಳೇದು ಯಾವತ್ತು ನಿಂತೈತೆ ಬುಡು."

ಮುದುಕಿ ಜಗಳ ಆಡಲಿಲ್ಲ, ಶಾಪ ಹಾಕಲಿಲ್ಲ. ಬಡವರ ಕೋಪ ದವಡೆಗೆ ಮೂಲ ಎಂದು ಕಲಿತವಳು. ರೂಪಶ್ರೀ ಕಲ್ಲನ್ನು ತಳ್ಳಿ ನೋಡಿದಳು, ಅದು ಅಲುಗಲಿಲ್ಲ. ಅಷ್ಟರಲ್ಲಿ ಪಿರಿಯಾಪಟ್ಟಣದಿಂದ ತೀರ್ಪುಗಾರರ ಜೀಪು ಬಂದೇಬಿಟ್ಟಿತು.

ಊರೆಲ್ಲ ಬೀದಿಗೆ ಬಂತು. ಚಿಕ್ಕಣ್ಣ ಬಿಳಿ ಅಂಗಿ ತೊಟ್ಟು ಗುರುವಿನ ಪಕ್ಕ ನಿಂತ, ಮಗಳ ಹೆಮ್ಮೆ ತನ್ನದೇ ಎನ್ನುವಂತೆ. ರೂಪಶ್ರೀ ಹಗ್ಗ ಹಿಡಿದು ಐವತ್ತೆರಡು ಮಾರಿಗೆ ಬಂದಳು. ಕಲ್ಲಿನ ಮೇಲಿನ ಹೆಸರು ಓದಿ ತೀರ್ಪುಗಾರರು ಹುಬ್ಬೇರಿಸಿದರು.

"ಅಳತೆ ತಪ್ಪಿಲ್ಲ ಸಾರ್. ಬನ್ನಿ, ತೋರಿಸ್ತೀನಿ," ಎಂದು ಹಗ್ಗವನ್ನು ಮುಂದಕ್ಕೆ ಎಳೆದಳು. ತೊಂಬತ್ತೈದನೇ ಮಾರಿಗೆ ಅಪ್ಪನ ಕಾಲ ಬುಡದಲ್ಲಿ ನಿಂತಳು.

"ಇಲ್ಲಿರಬೇಕಾದೋನು ಶನಿ, ಸಾರ್. ಇವ್ರು ನಮ್ಮಪ್ಪ. ಶನಿ ನಮಗ್ಯಾಕೆ ಅಂತ ಆ ಅಜ್ಜಿ ಬಾಗಿಲಿಗೆ ಸಾಗಹಾಕವ್ರೆ." ಅಷ್ಟು ಹೇಳಿ, ಒಗೆದು ಮಡಿಸಿಟ್ಟಿದ್ದ ಯೂನಿಫಾರ್ಮಿನಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟಳು. "ಅವನು ವಾಪಸ್ ಬರೋಗಂಟ ಅವನ ಜಾಗ್ದಲ್ಲಿ ನಾನೇ ಕೂತಿರ್ತೀನಿ. ಈ ಮನೆ ಶನಿ ನಾನೇ ಅಂತ ಬರ್ಕೊಳಿ."

ಯಾರೂ ನಗಲಿಲ್ಲ. ಚಿಕ್ಕಣ್ಣ ಮಗಳನ್ನು ನೋಡಿದ, ಊರನ್ನು ನೋಡಿದ. "ಏಳವ್ವ ಮೇಲೆ," ಎಂದ, ಮೆಲ್ಲಗೆ. ಅವಳು ಏಳಲಿಲ್ಲ.

ಕೊನೆಗೆ ಟವೆಲನ್ನು ತಲೆಗೆ ಸುತ್ತಿ, ಬಗ್ಗಿ, ಗುರುವನ್ನು ಉರುಳಿಸತೊಡಗಿದ. ಕೈ ಕೊಡಲು ಯಾರೂ ಮುಂದೆ ಬರಲಿಲ್ಲ. ಗುಡಿಸಲು ಮುಟ್ಟುವ ಹೊತ್ತಿಗೆ ಬಿಳಿ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

ಚಿಕ್ಕಸಿದ್ದಮ್ಮ ದೀಪವನ್ನು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟಳು.

"ಈ ಸಲ ಗುರು ನಿಲ್ತಾನಾ ಚಿಕ್ಕಣ್ಣ, ಇಲ್ಲ ನಾಳೀಕೂ ಬಂದೀಯಾ?"

ಚಿಕ್ಕಣ್ಣ ಬಗ್ಗಿ, ಶನಿಯನ್ನು ತನ್ನ ಮನೆಯ ಕಡೆಗೆ ಉರುಳಿಸತೊಡಗಿದ.