ಕಲ್ಲುಕಾಳಿನ ಚೀಟಿ

ಬೀಜದ ಮನೆಯಲ್ಲಿ ನನ್ನ ಕೆಲಸ ಗಾಜಿನ ತಟ್ಟೆ ತೊಳೆಯುವುದು. ತೊಳೆದು, ಒರೆಸಿ, ಒದ್ದೆ ಕಾಗದ ಹಾಸಿ, ಅದರ ಮೇಲೆ ಸಾಲಿಗೆ ಹತ್ತರಂತೆ ನೂರು ಬೀಜ ಜೋಡಿಸಿಡಬೇಕು. ಎಂಟನೆಯ ದಿನ ಸಾಹೇಬರು ಬಂದು ಎಷ್ಟು ಮೊಳೆತಿವೆ ಎಂದು ಎಣಿಸುತ್ತಾರೆ. ನೂರಕ್ಕೆ ತೊಂಬತ್ತು ಮೊಳೆತರೆ ಬೀಜ ಗಟ್ಟಿ. ಜೋಡಿಸಿದವರು ಯಾರು, ಜೋಡಿಸುವ ಮುಂಚೆ ಏನು ಮಾಡಿದರು ಎಂದು ಇಪ್ಪತ್ತಾರು ವರ್ಷದಲ್ಲಿ ಯಾರೂ ಕೇಳಲಿಲ್ಲ. ತಟ್ಟೆ ತೊಳೆಯುವವಳನ್ನು ಏನೆಂದು ಕೇಳುವುದು?

ಹಲವು ದೇಶಗಳು ಕೂಡಿ ಕಟ್ಟಿಸಿದ ಮನೆ ಅದು. ಬೆಳೆ ಹೋದ ನಾಡಿಗೆ ಬೀಜ ಕಳಿಸಲು, ಬೀಜದ ಕುಲವೇ ಅಳಿಯದಂತೆ ತಣ್ಣನೆಯ ಕೋಣೆಯಲ್ಲಿ ಕಾಪಾಡಲು. ಲೋಕದಲ್ಲಿ ಯಾರೂ ಹಸಿದಿರಬಾರದು ಎಂದು ಬಾಗಿಲ ಮೇಲೆ ಬರೆದಿದೆ. ಬರೆದಿದೆ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಕಲ್ಲುಕಾಳು ಆ ಮನೆಗೆ ಬಂದದ್ದು ನನ್ನ ಅಕ್ಕನ ಕೈಯಿಂದ. ಊರೆಲ್ಲ ಅವಳನ್ನು ಕಾಳಕ್ಕ ಎನ್ನುತ್ತಿತ್ತು. ಮಳೆ ಕೈಕೊಟ್ಟ ವರ್ಷವೂ ಕಾಯಿ ಬಿಟ್ಟ ಬಳ್ಳಿ ಯಾವುದೆಂದು ಹುಡುಕಿ, ಅದರ ಕಾಳನ್ನಷ್ಟೇ ಎತ್ತಿಟ್ಟು, ಮತ್ತೆ ಬಿತ್ತಿ, ಮತ್ತೆ ಆರಿಸಿ, ಇಪ್ಪತ್ತೆರಡು ವರ್ಷ ಅದರ ಬೆನ್ನು ಬಿದ್ದಿದ್ದಳು. ಭಾವ ರೇಗಿಸುತ್ತಿದ್ದರು, ನನ್ನನ್ನೂ ಹೀಗೇ ನೋಡಿಕೊಂಡಿದ್ದರೆ ನಾನೂ ಸುಧಾರಿಸುತ್ತಿದ್ದೆ ಎಂದು. ನೀನು ಜೊಳ್ಳು ಅಂತ ಮೊದಲನೇ ವರ್ಷವೇ ಗೊತ್ತಾಯಿತು ಎನ್ನುತ್ತಿದ್ದಳು ಅಕ್ಕ.

ಒಂದು ದಿನ ಬೂದಿ ಬೆರೆಸಿದ ಕಾಳನ್ನು ಭರಣಿ ತುಂಬ ತಂದು ಸಾಹೇಬರ ಮೇಜಿನ ಮೇಲಿಟ್ಟಳು. ಆಗ ಅವರು ಎಳೆಯರು, ತಲೆ ತುಂಬ ಕೂದಲಿತ್ತು. ಪಕ್ಕದಲ್ಲಿ ನಾನೂ ನಿಂತಿದ್ದೆ.

"ಬೇರೇನೂ ಬೇಡ ಸಾಹೇಬ್ರೇ, ನನ್ನ ಹೆಸರು ಬರ್ಕೊಳ್ಳಿ," ಅಂದಳು.

"ಬರ್ಕೊಂಡೆ ಕಣಮ್ಮ," ಎಂದು ಅವರು ಚೀಟಿಯ ಮೇಲೆ ಪೆನ್ನು ಆಡಿಸಿದರು. ಅಕ್ಷರ ಬಾರದ ನಾವಿಬ್ಬರೂ ಆ ಗೆರೆಗಳನ್ನು ಕಣ್ತುಂಬ ನೋಡಿದೆವು. ಈ ಕಾಳಿಗೆ ಸಿಪ್ಪೆ ದಪ್ಪ, ಒರಟು ಮರಳಲ್ಲಿ ಹೊಳಪು ಹೋಗುವ ತನಕ ಉಜ್ಜಿ, ಒಂದು ದಿನ ನೆನೆಸಬೇಕು, ಇಲ್ಲದಿದ್ದರೆ ಕಲ್ಲು ಕಲ್ಲಾಗಿಯೇ ಉಳಿಯುತ್ತದೆ ಎಂದು ಅಕ್ಕ ಹೇಳತೊಡಗಿದಳು. ಸಾಹೇಬರು ಗಡಿಯಾರ ನೋಡಿ ಎದ್ದರು. ಉಳಿದದ್ದನ್ನು ಅವಳು ನನಗೆ ಹೇಳಿದಳು. ಅಂದಿನಿಂದ ಕಲ್ಲುಕಾಳಿನ ತಟ್ಟೆ ಇಡುವಾಗಲೆಲ್ಲ ತೊಟ್ಟಿಯ ಹಿಂದೆ ಕೂತು ಉಜ್ಜಿ, ನೆನೆಸಿ, ಆಮೇಲೆ ಜೋಡಿಸುತ್ತಿದ್ದೆ. ಒಂದು ಸಲವೂ ತೊಂಬತ್ತೈದಕ್ಕೆ ಕಡಿಮೆ ಮೊಳೆಯಲಿಲ್ಲ. ಸಾಹೇಬರು ಎಣಿಸಿ, ಭೇಷ್ ಎಂದು ಕಾಳಿನ ಬೆನ್ನು ತಟ್ಟುತ್ತಿದ್ದರು.

ಆರು ವರ್ಷದ ಮೇಲೆ ಅಕ್ಕ ಹಾಸಿಗೆ ಹಿಡಿದಳು. ಮಕ್ಕಳಿಲ್ಲದವಳು ಎಂದು ನೋಡಲು ಬಂದವರು ಕಣ್ಣೊರೆಸಿಕೊಂಡರೆ, "ನನ್ನ ಹೆಸರು ತಣ್ಣನೆ ಕೋಣೇಲಿ ಕೂತಿದೆ. ಕೆಡೋ ಮಾತೇ ಇಲ್ಲ. ನೀವ್ಯಾಕೆ ಅಳ್ತೀರಿ?" ಎನ್ನುತ್ತಿದ್ದಳು. ಅದೇ ಧೈರ್ಯದಲ್ಲಿ ಹೋದಳು. ನಾನು ವಾರಕ್ಕೊಮ್ಮೆ ಎಪ್ಪತ್ತೆರಡನೆಯ ಡ್ರಾಯರು ಎಳೆದು, ಆ ಚೀಟಿಯನ್ನು ಒಣಬಟ್ಟೆಯಿಂದ ಒರೆಸುತ್ತಿದ್ದೆ. ಮುಖ ಒರೆಸಿದ ಹಾಗೆ.

ಐವತ್ತೆಂಟನೆಯ ವಯಸ್ಸಿಗೆ ನಮ್ಮ ಬೀದಿಯ ರಾತ್ರಿ ಶಾಲೆಗೆ ಸೇರಿದೆ. ಒಂಬತ್ತು ತಿಂಗಳಾದ ಮೇಲೆ ಒಂದು ಬೆಳಗ್ಗೆ ಡ್ರಾಯರು ಎಳೆದಾಗ ಚೀಟಿಯ ಗೆರೆಗಳು ತಾವಾಗಿಯೇ ಅಕ್ಷರವಾದವು. ಸಂಗ್ರಹಿಸಿದವರು ಎಂಬಲ್ಲಿ ಸಾಹೇಬರ ಹೆಸರು. ಮೂಲ: ಬೇಲಿ ಬದಿಯ ಕಾಡುಬಳ್ಳಿ. ಕೊಟ್ಟವರು: ಯಾರೂ ಇಲ್ಲ.

ಹೊಸದಾಗಿ ಓದಲು ಕಲಿತವರಿಗೆ ತಮ್ಮ ಕಣ್ಣಿನ ಮೇಲೇ ಅನುಮಾನ. ಬೆರಳಿಟ್ಟು ಮೂರು ಸಲ ಓದಿದೆ. ಮೂರು ಸಲವೂ ಯಾರೂ ಇಲ್ಲ ಎಂದೇ ಇತ್ತು. ನಾನು ಇಷ್ಟು ವರ್ಷ ಒರೆಸಿದ್ದು ಯಾರ ಮುಖವನ್ನು?

ಅಕ್ಕನ ಹೆಸರು ಯಾಕಿಲ್ಲ ಎಂದು ಒಂದೇ ಸಲ ಸಾಹೇಬರನ್ನು ಕೇಳಿದೆ, ಯಾರೋ ಓದಿ ಹೇಳಿದರು ಎಂದು ಸುಳ್ಳು ಹೇಳಿ. ಅವರು ಕನ್ನಡಕ ಒರೆಸುತ್ತ, "ಚೀಟೀಲಿ ಯಾರ ಹೆಸರಿದ್ರೆ ಹಸಿದವನಿಗೆ ಏನಮ್ಮ ವ್ಯತ್ಯಾಸ?" ಅಂದರು. ವ್ಯತ್ಯಾಸವಿಲ್ಲದಿದ್ದರೆ ನಿಮ್ಮದೇ ಯಾಕೆ ಇದೆ ಎಂದು ಕೇಳಬೇಕಿತ್ತು. ನನಗೆ ಮಾತು ಹೊಳೆಯುವುದು ಯಾವಾಗಲೂ ಮನೆ ಮುಟ್ಟಿದ ಮೇಲೆ. ಇರಲಿ, ಬೀಜದ ಜೊತೆ ಬದುಕಿದವಳಿಗೆ ಕಾಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ನಾಲ್ಕು ವರ್ಷ ಕಾದೆ. ಮರೆಯಬಾರದು ಎಂದು ವಾರವಾರವೂ ಚೀಟಿ ಓದಿದೆ.

ಆ ನಾಲ್ಕನೆಯ ವರ್ಷ ಸಾಹೇಬರು ಕಲ್ಲುಕಾಳಿನ ಬಗ್ಗೆ ಕನ್ನಡದಲ್ಲೂ ಹೊರಭಾಷೆಯಲ್ಲೂ ಕೈಪಿಡಿ ಬರೆದರು. ಹದಿನಾಲ್ಕು ಒಣ ದೇಶಗಳಿಗೆ ಹಂಚಲು, ಮನೆ ಕಟ್ಟಿಸಿದ ದೇಶಗಳವರು ಒಂದು ಕಾಳನ್ನು ಆರಿಸುತ್ತಿದ್ದರಂತೆ. ಇದು ಆಯ್ಕೆಯಾದರೆ ಸಾಹೇಬರಿಗೆ ಹೊರದೇಶದ ದೊಡ್ಡ ಕಚೇರಿಯಲ್ಲಿ ಕುರ್ಚಿ. ಕೈಪಿಡಿಯ ಹನ್ನೊಂದನೆಯ ಪುಟದಲ್ಲಿ, ಬಿತ್ತನೆಗೆ ಯಾವ ಪೂರ್ವಸಿದ್ಧತೆಯೂ ಬೇಡ, ಪರೀಕ್ಷೆಗೂ ಒಣಬೀಜವನ್ನು ನೇರವಾಗಿ ಒದ್ದೆ ಕಾಗದದ ಮೇಲಿಟ್ಟರೆ ಸಾಕು ಎಂದು ಬರೆದಿದ್ದರು. ಆರಿಸುವವರು ಬಂದರು, ಮುದ್ರೆ ಹಾಕಿದ ಚೀಲದ ಬೀಜವನ್ನು ತಟ್ಟೆಗೆ ಹಾಕಿ ಎಂದರು, ಎಂಟನೆಯ ದಿನ ಬಂದು ತಾವೇ ಎಣಿಸುತ್ತೇವೆ ಎಂದು ಹೋದರು.

"ಪುಸ್ತಕದಲ್ಲಿ ಬರೆದ ಹಾಗೆ ಮಾಡಮ್ಮ. ಒಂದಕ್ಷರ ಆಚೀಚೆ ಆಗಬಾರದು," ಎಂದು ಸಾಹೇಬರು ನನಗೆ ಬಾಯಲ್ಲಿ ವಿವರಿಸಿದರು.

"ಆಗಲಿ ಸಾರ್," ಅಂದೆ.

ಒಂದಕ್ಷರ ಆಚೀಚೆ ಮಾಡಲಿಲ್ಲ. ನಾಲ್ಕು ತಟ್ಟೆ, ನಾನೂರು ಕಾಳು, ಉಜ್ಜಲಿಲ್ಲ, ನೆನೆಸಲಿಲ್ಲ. ಆದರೆ ಸಾಹೇಬರ ಮೇಲಿನ ಸಿಟ್ಟಿಗೆ ಅಕ್ಕನ ಕಾಳು ಸೋಲಬಾರದಲ್ಲ. ಅದೇ ಚೀಲದ ನೂರು ಕಾಳನ್ನು ಅಕ್ಕನ ಹಾಗೆ ಉಜ್ಜಿ, ನೆನೆಸಿ, ಐದನೆಯ ತಟ್ಟೆಯನ್ನು ತೊಟ್ಟಿಯ ಪಕ್ಕದ ಕೆಳಗಿನ ಹಲಗೆಯಲ್ಲಿಟ್ಟೆ.

ನಾಲ್ಕನೆಯ ದಿನ ಸಾಹೇಬರು ತಟ್ಟೆಗೆ ಮೂಗು ತಾಗಿಸಿ ನೋಡಿದರು. ಆರನೆಯ ದಿನ ಉಷ್ಣಮಾಪಕ ಬದಲಿಸಿದರು. ಏಳನೆಯ ದಿನ, ನಾನು ಏನಾದರೂ ಬೇರೆ ಮಾಡಿದೆನಾ ಎಂದು ಕೇಳಿದರು. ಬರೆದಷ್ಟೇ ಮಾಡಿದೆ ಎಂದೆ. ಮೊದಲು ಹೇಗೆ ಮಾಡುತ್ತಿದ್ದೆ ಎಂದು ಕೇಳಿದ್ದರೆ ಮನಸ್ಸು ಕರಗಿ ಹೇಳಿಬಿಡುತ್ತಿದ್ದೆನೋ ಏನೋ. ಕೇಳಲಿಲ್ಲ. ಆ ವಾರ ನನಗೆ ಊಟ ಬಹಳ ರುಚಿಸಿತು.

ಎಂಟನೆಯ ದಿನ ಮೂವರು ಬಂದರು. ಅವರಲ್ಲಿ ಹಿರಿಯಳು ನನ್ನ ವಯಸ್ಸಿನ ಹೆಂಗಸು, ಕನ್ನಡಕವನ್ನು ಸರಪಣಿಯಲ್ಲಿ ಕೊರಳಿಗೆ ನೇತುಹಾಕಿಕೊಂಡಿದ್ದಳು. ಪಕ್ಕದಲ್ಲಿ ದುಭಾಷಿ. ಹಿರಿಯಳು ಚಿಮಟಿಗೆಯಿಂದ ಒಂದೊಂದೇ ಎಣಿಸಿದಳು. ನಾನೂರರಲ್ಲಿ ಮೊಳೆತದ್ದು ಮೂರು.

ಸಾಹೇಬರು ಮೊದಲು ಕರೆಂಟನ್ನು ಬೈದರು, ಆಮೇಲೆ ಕಾಗದವನ್ನು. ಕೊನೆಗೆ ನನ್ನ ಕಡೆ ಕೈ ತೋರಿಸಿದರು. "ಇವಳಿಗೆ ಅಕ್ಷರ ಬರಲ್ಲ. ಏನೋ ಎಡವಟ್ಟು ಮಾಡಿದ್ದಾಳೆ."

ನಾನು ಕೈ ಒರೆಸಿಕೊಂಡು ಬಂದು, ಮೇಜಿನ ಮೇಲಿದ್ದ ಕೈಪಿಡಿ ತೆಗೆದು ಹನ್ನೊಂದನೆಯ ಪುಟ ಓದಿದೆ. ಗಟ್ಟಿಯಾಗಿ, ಬೆರಳಿಟ್ಟು, ಒತ್ತಕ್ಷರಕ್ಕೆ ತಡವರಿಸಿ, ಒಂದನ್ನೂ ಬಿಡದೆ. ದುಭಾಷಿ ಹಿಂದಿನಿಂದ ಹೇಳುತ್ತ ಬಂದ. ಸಾಹೇಬರು ಪುಸ್ತಕ ನೋಡಲಿಲ್ಲ, ನನ್ನ ಬೆರಳನ್ನೇ ನೋಡುತ್ತಿದ್ದರು. ಚೀಟಿಯನ್ನೂ ಇದೇ ಬೆರಳು ಓದಿದೆ ಎಂದು ಆಗ ಹೊಳೆದಿರಬೇಕು.

ಹಿರಿಯಳು ಒಂದು ಕಾಳಿಗೆ ಉಗುರು ಒತ್ತಿ ನೋಡಿ ಏನೋ ಅಂದಳು. "ಇದು ಸತ್ತಿಲ್ವಂತೆ," ಅಂದ ದುಭಾಷಿ. "ಇದನ್ನ ಎಬ್ಬಿಸೋದು ಹೇಗೆ ಅಂತ ಸಾಹೇಬ್ರು ಹೇಳ್ಬೇಕಂತೆ."

ಸಾಹೇಬರು ನನ್ನ ಕೈಯಿಂದ ಕೈಪಿಡಿ ಕಿತ್ತುಕೊಂಡು ಪುಟ ತಿರುವತೊಡಗಿದರು. ನಾನು ಐದನೆಯ ತಟ್ಟೆ ತಂದಿಟ್ಟೆ. ಅದೇ ಚೀಲದ್ದು ಎಂದೆ. ತೊಂಬತ್ತೇಳು ಮೊಳಕೆ, ಬಿಳಿ ಬಾಲ ಎತ್ತಿ ನಿಂತಿದ್ದವು. ಮೂವರೂ ನನ್ನ ಕಡೆ ತಿರುಗಿದರು.

"ಕಾಡುಬಳ್ಳೀನ ಕಂಡುಹಿಡಿದವರು ಅವರು. ಅವರನ್ನೇ ಕೇಳಿ," ಅಂದೆ. ಸ್ವಲ್ಪ ಹೊತ್ತು ಬಿಟ್ಟೆ. ಆ ಸ್ವಲ್ಪ ಹೊತ್ತಿಗಾಗಿಯೇ ನಾಲ್ಕು ವರ್ಷ ಕಾದಿದ್ದೆ. "ಇಲ್ಲಾಂದ್ರೆ ಎಪ್ಪತ್ತೆರಡನೇ ಡ್ರಾಯರಿನ ಚೀಟೀಲಿ ಕೊಟ್ಟವಳ ಹೆಸರು ಬರೀಲಿ. ಆಮೇಲೆ ನಾನು ಹೇಳ್ತೀನಿ."

ಚೀಟಿ ಬಂತು. ಹಿರಿಯಳು ದುಭಾಷಿಯಿಂದ ಓದಿಸಿಕೊಂಡಳು, ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಸಾಹೇಬರು ಎಲ್ಲರೆದುರು ತಮ್ಮ ಹೆಸರು ಹೊಡೆದುಹಾಕಿ, ಕಾಳಕ್ಕ ಎಂದು ಬರೆದರು. ಗಟ್ಟಿಯಾಗಿ ಓದಿ ಅಂದೆ. ಓದಿದರು. ಕೇಳಿಸಲಿಲ್ಲ ಅಂದೆ. ಇನ್ನೊಮ್ಮೆ ಓದಿದರು.

ಆಮೇಲೆ ಮರಳಿನ ಗುಟ್ಟು ಹೇಳಿದೆ. ಕಲ್ಲುಕಾಳು ಆಯ್ಕೆಯಾಯಿತು, ಅಕ್ಕನ ಹೆಸರಿನಲ್ಲಿ. ಹೊರದೇಶದ ಕುರ್ಚಿ ಬೇರೆಯವರಿಗೆ ಹೋಯಿತು. ಕೈಪಿಡಿಯನ್ನು ಮಾತ್ರ ಸಾಹೇಬರೇ ತಿದ್ದಿ ಬರೆಯಬೇಕು, ಅದಕ್ಕೆ ಮುಂಚೆ ತಮ್ಮ ಕೈಯಾರೆ ಮಾಡಿ ಕಲಿಯಬೇಕು, ಕಲಿತರೋ ಇಲ್ಲವೋ ಎಂದು ತಟ್ಟೆ ತೊಳೆಯುವ ಅಮ್ಮ ಹೇಳಬೇಕು ಎಂದು ಆ ಹಿರಿಯಳು ಬರೆದಿಟ್ಟು ಹೋದಳು. ಪುಣ್ಯವಂತೆ.

ಸೋಮವಾರದಿಂದ ಸಾಹೇಬರು ತೊಟ್ಟಿಯ ಹಿಂದೆ ನನ್ನ ಗಿಡ್ಡ ಸ್ಟೂಲಿನ ಮೇಲೆ ಕೂತು ಮರಳಲ್ಲಿ ಕಾಳು ಉಜ್ಜುತ್ತಿದ್ದಾರೆ. ಒಂದೊಂದು ಹಿಡಿಯನ್ನೂ ನಾನು ಬೆಳಕಿಗೆ ಹಿಡಿದು ನೋಡುತ್ತೇನೆ. ಹೊಳಪು ಇನ್ನೂ ಇದೆ ಎಂದು ತಿರುಗಿ ಮರಳಿಗೆ ಸುರಿಯುತ್ತೇನೆ. ಕೆಲವು ಸಲ ಹೊಳಪು ಹೋಗಿರುತ್ತದೆ, ಆದರೂ ಸುರಿಯುತ್ತೇನೆ.

ನಿನ್ನೆ ಅವರು ಕೆಂಪಾದ ಅಂಗೈ ಊದಿಕೊಳ್ಳುತ್ತ, "ಇನ್ನೆಷ್ಟು ದಿನ ಅಮ್ಮ?" ಅಂದರು.

"ಅಕ್ಕ ಇಪ್ಪತ್ತೆರಡು ವರ್ಷ ಉಜ್ಜಿದಳು ಸಾರ್," ಅಂದೆ. "ನಿಮಗೆ ಈಗಿನ್ನೂ ಮಂಗಳವಾರ."